ಕೌದಿಗೊಂದು ತುತ್ತು

ದಾನಕ್ಕೆ ಬಂದ ಆಕಳ ಹಲ್ಲು ಹಿಡಿದು ನೋಡಬಾರದು ಅಂತಾರೆ ಹಿರಿಯರು. ಮನೋಳಿಯ ಇಂದ್ರವ್ವ ಹಲ್ಲು ಹಿಡಿದೂ ನೋಡಿದಳು, ಆಕಳು ಹೊಡೆದುಕೊಂಡು ಬಂದವರಿಗೆ ಹಲ್ಲು ಸರಿ ಇಲ್ಲ ಅಂತ ಮುಖಕ್ಕೆ ಹೇಳಿಯೂ ಬಿಟ್ಟಳು. ಬೈಲಹೊಂಗಲದ ಚರ್ಚಿನವರಿಗೂ ಅವಳಿಗೂ ನಂಟು ಬೆಳೆದದ್ದೇ ಹಾಗೆ, ಜಗಳದಿಂದ.

2019ರ ಆಗಸ್ಟಿನಲ್ಲಿ ಮಲಪ್ರಭೆ ದಂಡೆ ಬಿಟ್ಟು ಊರೊಳಗೆ ಬಂದಿತ್ತು. ಇಂದ್ರವ್ವನ ಮನೆಯಲ್ಲಿ ಎದೆಮಟ್ಟ ನೀರು. ಜೋಳದ ಚೀಲ ಹೋಯಿತು, ಪಾತ್ರೆ ಪಗಡ ಹೋಯಿತು, ಟ್ರಂಕಿನಲ್ಲಿದ್ದ ಅವಳ ಅವ್ವ ಹೊಲಿದ ಮೂರು ಕೌದಿಗಳೂ ಹೋದವು. ಹೋದದ್ದರಲ್ಲಿ ಅವಳು ಕೂತು ಅತ್ತದ್ದು ಆ ಕೌದಿಗಳಿಗೆ ಮಾತ್ರ. ಹಳೆಯ ಸೀರೆ, ಧೋತರ, ಕೂಸಿನ ಅಂಗಿ ಎಲ್ಲ ಕತ್ತರಿಸಿ ಕೂಡಿಸಿದ ಕೌದಿಯಲ್ಲಿ ಮನೆಮಂದಿಯೆಲ್ಲ ಇರುತ್ತಾರೆ. ಯಾವ ತುಂಡು ಯಾರದು ಅಂತ ಇಂದ್ರವ್ವ ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಗಂಡ ಲಕ್ಕಪ್ಪನೂ ಅವಳೂ ಉಟ್ಟ ಬಟ್ಟೆಯಲ್ಲಿ ಸಾಲೆಯ ಕೋಣೆಯೊಂದರಲ್ಲಿ ನಲವತ್ತು ಮಂದಿಯ ನಡುವೆ ಕೂತಿದ್ದರು. ಮೂರನೆಯ ದಿನ ಬೈಲಹೊಂಗಲದಿಂದ ಚರ್ಚಿನವರ ಟೆಂಪೊ ಬಂತು. ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಚರ್ಚಿನ ಹೆಂಗಸರು ತಾವೇ ಕೂತು ಹೊಲಿದ ಕೌದಿಗಳು. ಇಂದ್ರವ್ವ ರೊಟ್ಟಿ ತಿಂದಳು, ಕೈ ತೊಳೆದಳು, ತನ್ನ ಪಾಲಿಗೆ ಬಂದ ಕೌದಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದೊಂದು ಹೊಲಿಗೆ ಹೆಬ್ಬೆರಳಿನಷ್ಟು ಉದ್ದ!

"ಇದನ್ನ ಯಾವ ಪುಣ್ಯಾತಗಿತ್ತಿ ಹೊಲದಾಳ್ರೀ?" ಅಂದಳು ಇಡೀ ಕೋಣೆಗೆ ಕೇಳುವಂತೆ. "ಒಂದ ಸಲ ಹೊಳ್ಯಾಗ ಒಗದ್ರ ತುಂಡು ತುಂಡು ಆಗಿ ಹರಕೊಂಡು ಹೋಗತೈತಿ ಇದು!"

"ಸುಮ್ನಿರ ಮಾರಾಯ್ತಿ," ಅಂದ ಲಕ್ಕಪ್ಪ, ನಾಚಿಕೆಯಿಂದ ನೆಲ ನೋಡುತ್ತ. "ಉಂಡ ಕೈ ಇನ್ನೂ ಆರಿಲ್ಲ ನಿಂದು."

ರೊಟ್ಟಿ ಹಂಚುತ್ತಿದ್ದ ಒಬ್ಬ ಹೆಂಗಸು ತಿರುಗಿ ನೋಡಿದಳು. ಪಾಸ್ಟರ್ ದೇವಪುತ್ರಪ್ಪನವರ ಹೆಂಡತಿ ರೂತಬಾಯಿ. "ನಾನ ಹೊಲದೇನ್ರಿ ಅಕ್ಕಾರ," ಅಂದಳು. "ನಮಗ ಬರೂದ ಇಷ್ಟ ನೋಡ್ರಿ. ನಿಮಗ ಚಲೋ ಬರತಿದ್ರ ಬಂದು ಕಲಿಸ್ರಿ. ಬೈಲಹೊಂಗಲದಾಗ ಯಾರನ್ನ ಕೇಳಿದ್ರೂ ನಮ್ಮ ಚರ್ಚ್ ತೋರಸ್ತಾರ."

"ಬರತೇನಿ," ಅಂದಳು ಇಂದ್ರವ್ವ. "ಬರದ ಬಿಡೂದಿಲ್ಲ."

ಬಂದಳು ಕೂಡ. ಮನೆ ಬಿದ್ದ ಮೇಲೆ ಲಕ್ಕಪ್ಪನಿಗೆ ಬೈಲಹೊಂಗಲದ ಒಂದು ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ವಾಚಮನ್ ಕೆಲಸ ಸಿಕ್ಕಿತು, ಇಬ್ಬರೂ ಅಲ್ಲಿಯೇ ಬಾಡಿಗೆ ಮನೆ ಹಿಡಿದರು. ಸಾಮಾನು ಇಳಿಸಿದ ವಾರವೇ ಇಂದ್ರವ್ವ ಸೂಜಿ, ದಾರ, ಕತ್ತರಿ ಸೆರಗಿಗೆ ಕಟ್ಟಿಕೊಂಡು ಚರ್ಚಿನ ಹಿಂದಿನ ಕೋಣೆಗೆ ಹೋದಳು. ಅಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಎಂಟು ಹತ್ತು ಹೆಂಗಸರು ಕೂತು ಹೊಲಿಯುತ್ತಿದ್ದರು. ಸವದತ್ತಿಯ ಆಸ್ಪತ್ರೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆ ಕೂಸಿನ ಕೌದಿ, ಕಿತ್ತೂರಿನ ಕಡೆಯ ಆಸರೆ ಇಲ್ಲದ ಮುದುಕರಿಗೆ ದೊಡ್ಡ ಕೌದಿ, ರಾಮದುರ್ಗದಲ್ಲಿ ಹೊಳೆಗೆ ಮನೆ ಕಳಕೊಂಡವರಿಗೆ ಮತ್ತಷ್ಟು. ಇಂದ್ರವ್ವ ಮೊದಲ ದಿನವೇ ಎಲ್ಲರ ಹೊಲಿಗೆ ಬಿಚ್ಚಿಸಿದಳು. "ಜ್ವಾಳದ ಕಾಳಿನಷ್ಟು ಇರಬೇಕು ಹೊಲಿಗಿ. ಕಾಳು ಇಟ್ಟು ನೋಡ್ರಿ, ನಂಬಿಕಿ ಇಲ್ಲಂದ್ರ!" ರೂತಬಾಯಿ ನಿಜವಾಗಿಯೂ ಕಾಳು ಇಟ್ಟು ನೋಡಿದಳು. ಅಂದಿನಿಂದ ಅವರಿಬ್ಬರೂ ಗೆಳತಿಯರು.

ನೆರೆಮನೆಯ ಚನ್ನವ್ವನಿಗೆ ಇದು ಬಗೆಹರಿಯಲಿಲ್ಲ. "ಏನ ಇಂದ್ರವ್ವ, ವಾರಾವಾರ ಅಲ್ಲಿಗೆ ಹೊಂಟಿ. ಮತ ಕೆಡಿಸ್ಕೊಂಡೀಯೇನು?"

"ಮತ ಕೆಡಿಸ್ಕೊಳ್ಳಾಕ ಎಲ್ಲೈತಿ ಪುರಸೊತ್ತು? ಇನ್ನೂ ಹನ್ನೆರಡು ಕೌದಿ ಬಾಕಿ ಅದಾವ."

ಅವಳು ಸೋಮವಾರದ ಉಪವಾಸ ಬಿಡಲಿಲ್ಲ, ಕುಂಕುಮ ಬಿಡಲಿಲ್ಲ. ಬುಧವಾರ ಹೆಂಗಸರು ಪ್ರಾರ್ಥನೆಗೆ ತಲೆ ಬಾಗಿಸಿದಾಗ ತಾನೂ ಸೂಜಿ ಕೆಳಗಿಟ್ಟು ಕೈಮುಗಿದು ಕೂರುತ್ತಿದ್ದಳು, ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಸೂಜಿ ಎತ್ತುತ್ತಿದ್ದಳು. ಆದರೂ ಚರ್ಚಿನ ಸಭೆಯ ಹಿರಿಯ ಯೋಹಾನಪ್ಪನಿಗೆ ಅವಳ ಮೇಲೆ ಒಂದು ಕಣ್ಣು ಇದ್ದೇ ಇತ್ತು. ಮಾಸ್ತರಿಕೆ ಮಾಡಿ ನಿವೃತ್ತರಾದ ಮನುಷ್ಯ, ಊರನ್ನೆಲ್ಲ ಇನ್ನೂ ತಮ್ಮ ವರ್ಗವೆಂದೇ ತಿಳಿದವರು. "ಚರ್ಚಿನ ಕೆಲಸಕ್ಕ ಹೊರಗಿನವರು ಯಾಕ ಬೇಕ್ರಿ?" ಅಂತ ಪಾಸ್ಟರರಿಗೆ ಎರಡು ಸಲ ಹೇಳಿದ್ದರು. ಅದು ಇಂದ್ರವ್ವನ ಕಿವಿಗೂ ಬಿದ್ದಿತ್ತು. ಬಿದ್ದರೆ ಬೀಳಲಿ ಅಂತ ಹೊಲಿಯುತ್ತ ಕೂತಳು. ಯಾಕೆಂದರೆ ಹೊಳೆ ಬಂದು ಹೋದ ಮೇಲೆ ಅವಳಿಗೆ ಮನೆ ಬೇಸರ, ಊಟ ಬೇಸರ, ಗಂಡನ ಮಾತೂ ಬೇಸರವಾಗಿತ್ತು. ಬುಧವಾರ ಒಂದೇ ಬೇಸರವಿಲ್ಲದ ದಿನ. ಮಂಗಳವಾರ ಸಂಜೆಯೇ ಅವಳ ಮುಖ ಅರಳುತ್ತಿತ್ತು ಅಂತ ಲಕ್ಕಪ್ಪ ಚೇಷ್ಟೆ ಮಾಡುತ್ತಿದ್ದ.

ಇಲ್ಲೊಂದು ಸಂಗತಿ ಹೇಳಬೇಕು, ಕಥೆಯ ಗಂಟು ಇರುವುದೇ ಇದರಲ್ಲಿ. ಇಂದ್ರವ್ವನ ತವರು ಕಟಕೋಳ. ಅಲ್ಲಿ ಅವಳ ಅವ್ವ ಕೌದಿಯ ಮೂರು ಮೂಲೆ ಹೊಲಿದು, ನಾಲ್ಕನೆಯದನ್ನು ಮುಚ್ಚುವ ಮುಂಚೆ ಅದರೊಳಗೆ ಕಡಕ್ ರೊಟ್ಟಿಯ ಒಂದು ಚೂರು, ಐದು ಜೋಳದ ಕಾಳು ಇಟ್ಟು ಹೊಲಿಯುತ್ತಿದ್ದಳು. ಅದು ಕೌದಿಯ ತುತ್ತು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಬಾರದು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ. ಅದು ಉಂಡಿದ್ದರೆ ಹೊದ್ದವರೂ ಉಂಡು ಮಲಗುತ್ತಾರೆ. ಇಂದ್ರವ್ವ ಹತ್ತು ವರ್ಷದವಳಿದ್ದಾಗಿನಿಂದ ತುತ್ತು ಇಡದೆ ಒಂದು ಮೂಲೆಯನ್ನೂ ಮುಚ್ಚಿದವಳಲ್ಲ. ಚರ್ಚಿನ ಕೌದಿಗಳನ್ನೂ ನಾಲ್ಕನೆಯ ಮೂಲೆಗೆ ತನ್ನ ಮನೆಗೆ ಒಯ್ಯುತ್ತಿದ್ದಳು. "ಮೂಲಿ ಮುಚ್ಚೂದು ನನಗ ಬಿಡ್ರಿ," ಅನ್ನುವಳು. ಅದಕ್ಕೆ ನುರಿತ ಕೈಯೇ ಬೇಕೇನೋ ಅಂತ ಉಳಿದವರು ತಿಳಿದರು. ತುತ್ತಿನ ವಿಷಯ ಅವಳು ಮುಚ್ಚಿಡಬೇಕೆಂದು ಮುಚ್ಚಿಟ್ಟದ್ದಲ್ಲ. ರೊಟ್ಟಿ ಬಡಿಯುವಾಗ ನೀರು ಹಚ್ಚುತ್ತೇನೆ ಅಂತ ಯಾರಾದರೂ ಊರಿಗೆ ಡಂಗುರ ಸಾರುತ್ತಾರೆಯೇ?

ಎರಡು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ಭಾಗ್ಯಾಳ ಪತ್ರ ಬಂತು. ಭಾಗ್ಯಾ ಇದೇ ಸಭೆಯಲ್ಲಿ ಬೆಳೆದ ಹುಡುಗಿ, ನರ್ಸು, ಆಫ್ರಿಕಾದ ಲೆಸೊಥೊ ಅನ್ನುವ ದೇಶದ ಗುಡ್ಡಗಾಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಜೂನ್, ಜುಲೈಯಲ್ಲಿ ಇಲ್ಲಿ ಹಿಮ ಬೀಳುತ್ತದೆ, ಹುಟ್ಟಿದ ಕೂಸುಗಳು ಥಂಡಿಗೆ ನೀಲಿಗಟ್ಟುತ್ತವೆ, ನಮ್ಮ ಕಡೆಯ ಕೂಸಿನ ಕೌದಿ ಅರವತ್ತು ಕಳಿಸಿಕೊಡಲು ಆದೀತೇ ಅಂತ ಬರೆದಿದ್ದಳು.

"ಆಫ್ರಿಕಾದಾಗ ಥಂಡಿ?" ಇಂದ್ರವ್ವ ನಂಬಲಿಲ್ಲ. "ಅಲ್ಲಿ ಬರೀ ಬಿಸಲ ಅಲ್ಲೇನ್ರಿ ಬಾಯಾರ?"

"ಗುಡ್ಡದ ಮ್ಯಾಲ ಐತಂತ್ರಿ ದೇಶ. ಲೆಸೊಥೊ ಅಂತ ಹೆಸರು," ಅಂದಳು ರೂತಬಾಯಿ.

"ಲೇಸಾತು?"

"ಲೆ-ಸೊ-ಥೊ!"

"ಅದ, ಲೇಸಾತು," ಅಂದಳು ಇಂದ್ರವ್ವ. ಅಂದಿನಿಂದ ಆ ಕೋಣೆಯಲ್ಲಿ ಆ ದೇಶಕ್ಕೆ ಅದೇ ಹೆಸರಾಯಿತು. ಲೇಸಾತಿನ ಕೌದಿ, ಲೇಸಾತಿನ ಕೂಸು. ಪಾಸ್ಟರರು ಸಹ ಒಮ್ಮೆ ಪ್ರಾರ್ಥನೆಯಲ್ಲಿ ಹಾಗೆಯೇ ಅಂದು ನಾಲಿಗೆ ಕಚ್ಚಿಕೊಂಡರು.

ನಾಲ್ಕು ತಿಂಗಳು ಹೊಲಿದರು. ಪೇಟೆಯ ದರ್ಜಿಗಳಿಂದ ಚಿಂದಿ ತಂದರು, ಮನೆಮನೆಯಿಂದ ಹಳೆಯ ಇಳಕಲ್ ಸೀರೆ ಬೇಡಿದರು. ಮೆತ್ತಗೆ ಇರಲಿ ಅಂತ ಪ್ರತಿ ಅರಿವೆಯನ್ನೂ ಎರಡು ಸಲ ಬಿಸಿನೀರಿನಲ್ಲಿ ಒಗೆದರು. ಅರವತ್ತು ಕೌದಿಗಳ ನಾಲ್ಕನೆಯ ಮೂಲೆಯನ್ನೂ ಇಂದ್ರವ್ವ ಮುಚ್ಚಿದಳು. ಮಾರ್ಚಿನ ಒಂದು ಸೋಮವಾರ ನಾಲ್ಕು ರಟ್ಟಿನ ಡಬ್ಬಿ ತುಂಬಿ ಬೆಳಗಾವಿಯ ಗೋದಾಮಿಗೆ ಹೋದವು. ಅಲ್ಲಿಂದ ಶನಿವಾರ ಲಾರಿಯಲ್ಲಿ ಮುಂಬೈಗೆ ಹೋಗಬೇಕು, ಮುಂಬೈಯಿಂದ ಹಡಗು. ಹೆಂಗಸರೆಲ್ಲ ಸೇರಿ ಉಪ್ಪಿಟ್ಟು ಮಾಡಿ ತಿಂದರು.

ಬುಧವಾರ ಪಾಸ್ಟರರು ಒಂದು ಕಾಗದ ಹಿಡಿದುಕೊಂಡು ಕೋಣೆಗೆ ಬಂದರು. ಮಾಲು ಕಳಿಸುವ ಏಜಂಟ್ ಸಹಿ ಮಾಡಿಸಿಕೊಂಡ ಕಾಗದದ ನಕಲು. "ನಿಮ್ಮ ಕೌದಿ ಇಷ್ಟು ದೂರ ಹೊಂಟಾವ, ಏನ ಬರದಾರ ಕೇಳ್ರಿ," ಅಂತ ಇಂಗ್ಲಿಷನ್ನು ಕನ್ನಡ ಮಾಡಿ ಓದಿದರು. "ಈ ಡಬ್ಬ್ಯಾಗ ತಿನ್ನೂ ಪದಾರ್ಥ, ಕಾಳು, ಬೀಜ, ಮಣ್ಣು ಏನೂ ಇಲ್ಲಂತ ಸತ್ಯವಾಗಿ ಹೇಳತೇನಿ. ಕೆಳಗ ನನ್ನ ಸಹಿ."

ಇಂದ್ರವ್ವನ ಸೂಜಿ ಅಲ್ಲೇ ನಿಂತಿತು. "ಇದ್ರ?" ಅಂದಳು.

"ಇದ್ರ ಇಡೀ ಮಾಲ ಸುಡತಾರಂತ. ಆಮ್ಯಾಲ ನಮ್ಮ ಸಭೆದ ಹೆಸರಿನ ಮ್ಯಾಲ ಇನ್ನ ಒಂದ ಡಬ್ಬಿನೂ ತಗೊಳ್ಳಾಂಗಿಲ್ಲಂತ. ಏಜಂಟ್ ಅಷ್ಟು ಹೇಳೂ ಹೊತ್ತಿಗೆ ನನಗ ನಗು ಬಂತು. ಕೌದ್ಯಾಗ ಅರಿವಿ ಬಿಟ್ಟು ಮತ್ತೇನು ಇರತೈತಿ?"

ಹೆಂಗಸರೆಲ್ಲ ನಕ್ಕರು. ಇಂದ್ರವ್ವನೂ ನಕ್ಕಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ತಲೆನೋವು ಅಂತ ಹೇಳಿ ಹೊಲಿಗೆ ಅರ್ಧಕ್ಕೆ ಬಿಟ್ಟು ಮನೆಗೆ ಬಂದಳು.

ಸಂಜೆ ಲಕ್ಕಪ್ಪ ಬಂದಾಗ ಒಲೆ ಹೊತ್ತಿರಲಿಲ್ಲ. ಏನಾಯಿತು ಅಂತ ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. ಅರವತ್ತು ಕೌದಿ, ಅರವತ್ತು ತುತ್ತು, ಮುನ್ನೂರು ಜೋಳದ ಕಾಳು, ಮೇಲೆ ಪಾಸ್ಟರರ ಸಹಿ.

ಲಕ್ಕಪ್ಪ ಮೀಸೆ ತಿರುವಿದ. "ಯಾರಿಗೆ ಗೊತ್ತಾಗತೈತಿ? ನಿನ್ನ ಹೊಲಿಗಿ ಬಿಚ್ಚಾವ ಇನ್ನೂ ಹುಟ್ಟಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಇಂದ್ರವ್ವ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. "ಸತ್ಯವಾಗಿ ಅಂತ ಬರಕೊಟ್ಟಾರ್ರೀ ಅವರು," ಅಂದಳು. "ಕಣ್ಣು ಮುಚ್ಚಿ ಸಹಿ ಮಾಡ್ಯಾರ, ನನ್ನ ನಂಬಿ."

"ಹೇಳಿದ್ರ ಮುಂದ ನಿನ್ನ ಒಳಗ ಬಿಡ್ತಾರೇನು, ವಿಚಾರ ಮಾಡು. ಮೊದಲ ನೀ ಹೊರಗಿನಾಕಿ. ಕೌದ್ಯಾಗ ಏನೋ ಮಾಟ ಮಾಡಿ ಇಟ್ಟಾಳ ಅಂತಾರ. ಆ ಯೋಹಾನಪ್ಪ ಮಾಸ್ತರ ಕಾಯಕೊಂಡ ಕುಂತಾನ."

ಅದೇ ಅವಳ ಭಯ. ಅವಳು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಗಂಡ ಹೇಳಿಬಿಟ್ಟಿದ್ದ. ಹೇಳದಿದ್ದರೆ ಕೌದಿಗಳು ಬೆಂಕಿಗೆ ಬೀಳಬಹುದು, ಪಾಸ್ಟರರ ಹೆಸರು ಕೆಡಬಹುದು. ಹೇಳಿದರೆ ಬುಧವಾರ ಹೋಗುತ್ತದೆ. ಹೊಳೆ ಒಮ್ಮೆ ಮನೆ ಒಯ್ದಿತ್ತು, ಈಗ ತನ್ನ ಕೈಯಾರೆ ಇದನ್ನೂ ಒಯ್ಯುವುದೇ? ಇಂದ್ರವ್ವ ಆ ದಿನ ಉಣ್ಣಲಿಲ್ಲ. ನೀಲಿಗಟ್ಟಿದ ಕೂಸುಗಳನ್ನು ಅವಳು ಕಂಡವಳಲ್ಲ, ಆದರೂ ಕಣ್ಣು ಮುಚ್ಚಿದರೆ ಅವೇ ಬಂದವು.

ಗುರುವಾರ ಮುಂಜಾನೆ ಎದ್ದವಳೇ ರೊಟ್ಟಿ ಬಡಿದಳು. ಒಂದು ಕಡಕ್ ರೊಟ್ಟಿ, ಒಂದು ಹಿಡಿ ಜೋಳ ಸೆರಗಿಗೆ ಕಟ್ಟಿಕೊಂಡು ಪಾಸ್ಟರರ ಮನೆಗೆ ನಡೆದಳು. ಗ್ರಹಚಾರ ನೋಡಿ, ಅಲ್ಲಿ ಯೋಹಾನಪ್ಪ ಚಹಾ ಕುಡಿಯುತ್ತ ಕೂತಿದ್ದರು! ತಿರುಗಿ ಹೋಗೋಣ ಅಂದುಕೊಂಡಳು. ಅಷ್ಟರಲ್ಲಿ ರೂತಬಾಯಿ ನೋಡಿಬಿಟ್ಟಳು. "ಬರ್ರಿ ಇಂದ್ರಕ್ಕಾರ, ಕುಂಡ್ರ್ರಿ. ತಲಿನೋವು ಹೆಂಗೈತಿ?"

"ತಲಿನೋವಲ್ರಿ ಬಾಯಾರ. ತಪ್ಪು," ಅಂದಳು ಇಂದ್ರವ್ವ, ನಿಂತುಕೊಂಡೇ. "ಕೌದ್ಯಾಗ ಅರಿವಿ ಬಿಟ್ಟು ಮತ್ತೂ ಒಂದು ಐತಿ. ಮೂಲಿ ಒಳಗ ನಾನು ಇಟ್ಟೇನಿ. ಅರವತ್ತರಾಗೂ."

ಪಾಸ್ಟರರು ಚಹಾದ ಬಸಿ ಮೇಜಿನ ಮೇಲಿಟ್ಟರು. ಯೋಹಾನಪ್ಪ ಎದ್ದು ನಿಂತೇಬಿಟ್ಟರು. "ಏನ ಇಟ್ಟೀದಿ? ನಿಂಬಿಹಣ್ಣೇನು? ಭಂಡಾರೇನು? ತಾಯತ ಏನರ ಕಟ್ಟಿ ಹೊಲದೀಯೇನು? ಹೇಳಿದ್ದೆ ನಾನು, ಪಾಸ್ಟರ, ಹೇಳಿದ್ದೆ..."

ಹೆದರಿಕೊಂಡು ಬಂದಿದ್ದ ಇಂದ್ರವ್ವನಿಗೆ ಆ ಕ್ಷಣ ಹೆದರಿಕೆಯೆಲ್ಲ ಹಾರಿ ಸಿಟ್ಟು ನೆತ್ತಿಗೇರಿತು. ಸೆರಗಿನ ಗಂಟು ಬಿಚ್ಚಿ ಚಹಾದ ಮೇಜಿನ ಮೇಲೆ ಸುರಿದಳು. "ರೊಟ್ಟಿ ರೀ, ರೊಟ್ಟಿ! ಮುಂಜಾನೆದ್ದು ನೀವು ತಿಂದು ಬಂದೀರಲ್ಲ, ಅದ ಜ್ವಾಳದ ರೊಟ್ಟಿ! ಕೌದಿ ಹಸದು ಹೋಗಬಾರದಂತ ಒಂದು ಚೂರು, ಐದು ಕಾಳು. ನಮ್ಮವ್ವ ಕಲಿಸಿದ್ದು. ಮಾಟ ಅಲ್ಲ, ಮಂತ್ರ ಅಲ್ಲ. ಬೇಕಂದ್ರ ತಿಂದ ನೋಡ್ರಿ!"

ಯೋಹಾನಪ್ಪ ಮೇಜಿನ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಯಾವ ಮೂಲ್ಯಾಗ?" ಅಂತ ಕೇಳಿದರು.

"ನಾಕನೇ ಮೂಲ್ಯಾಗ. ಕಡೀಕ ಮುಚ್ಚೂದು."

"ಗಂಟ ಆಗತೈತಿ ಅಲ್ಲ? ಕೈಗೆ ಹತ್ತತೈತಿ, ಗಟ್ಟಿ?"

"ಹೌದ್ರಿ."

"ಸಾಲಹಳ್ಳ್ಯಾಗ ನಮ್ಮ ಆಯಿ, ನಮ್ಮಪ್ಪನ ಅವ್ವ, ಹೊಲದ ಒಂದು ಕೌದಿ ಇತ್ತು," ಅಂದರು ಯೋಹಾನಪ್ಪ. ದನಿ ಮಾಸ್ತರರದ್ದಾಗಿರಲಿಲ್ಲ. "ಅದರ ಮೂಲ್ಯಾಗ ಒಂದು ಗಂಟಿತ್ತು. ಸಣ್ಣಾಂವಿದ್ದಾಗ ನಾನು ಅದನ್ನ ಬಾಯಾಗ ಇಟಗೊಂಡ ಮಲಗತಿದ್ದೆ. ಅದನ್ನ ಚೀಪದ ನಿದ್ದಿನ ಬರತಿರಲಿಲ್ಲ. ಆಯಿ ನಗತಿದ್ಲು, ತಿನ್ನು ಮಗನ, ತಿನ್ನು ಅಂತಿದ್ಲು. ಯಾಕ ತಿನ್ನು ಅಂತಾಳ ಅಂತ ನನಗ ಇವತ್ತಿನವರಿಗೂ ಗೊತ್ತಿರಲಿಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ನಮ್ಮನ್ಯಾಗ ಮೊದಲ ದೀಕ್ಷಾಸ್ನಾನ ತಗೊಂಡಾಕಿನ ಆಕಿ. ಕ್ರಿಸ್ತೀನರಾದ ಮ್ಯಾಲೂ ಮುದುಕಿ ಕೌದಿಗೆ ಉಣಸೂದು ಬಿಟ್ಟಿಲ್ಲ ನೋಡ್ರಿ!"

ಮೇಜಿನ ಮೇಲಿನ ರೊಟ್ಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಟಕ್ಕೆಂದು ಸದ್ದಾಯಿತು. ರೂತಬಾಯಿ ಮೊದಲು ನಕ್ಕಳು, ಆಮೇಲೆ ಪಾಸ್ಟರರು. ಇಂದ್ರವ್ವ ನಗಲು ಹೋಗಿ ಅತ್ತುಬಿಟ್ಟಳು. ನಿನ್ನೆಯಿಂದ ಕಟ್ಟಿ ಹಿಡಿದಿದ್ದದ್ದೆಲ್ಲ ಒಮ್ಮೆಲೇ ಹರಿದು ಹೋಯಿತು, ಜೀವ ಹಗುರಾಯಿತು.

ನಗು ಮುಗಿದ ಮೇಲೆ ಕೆಲಸ ಇದ್ದೇ ಇತ್ತು. ಪಾಸ್ಟರರು ಏಜಂಟನಿಗೆ ಫೋನು ಹಚ್ಚಿ, ಸಹಿ ತಪ್ಪಾಗಿದೆ, ಕೌದಿಯಲ್ಲಿ ಕಾಳು ಇದೆ ಅಂತ ಇದ್ದದ್ದು ಇದ್ದಂತೆ ಹೇಳಿದರು. ಅವನು ಒಂದಿಷ್ಟು ಒದರಾಡಿ, ಲಾರಿ ಹೊರಡುವುದು ಶನಿವಾರ ಮುಂಜಾನೆ, ಶುಕ್ರವಾರ ಬಂದು ತೆಗೆದುಕೊಂಡರೆ ಸರಿ, ಹೊಸ ಕಾಗದ ಮಾಡುತ್ತೇನೆ ಅಂದ.

"ತಗದಬಿಡೂಣು," ಅಂದಳು ರೂತಬಾಯಿ.

"ತಗೀಬಹುದ್ರಿ. ಆದ್ರ..." ಇಂದ್ರವ್ವ ಸೆರಗು ತಿರುವಿದಳು. ತಪ್ಪು ಮಾಡಿದವಳು ಮತ್ತೆ ಹಟ ಹಿಡಿಯುವುದು ಹೇಗೆ? ಹಿಡಿದೇಬಿಟ್ಟಳು. "ಉಣ್ಣೂ ಕೌದಿ ಬಾಯಾಗಿಂದ ತುತ್ತು ಕಸಗೊಂಡು ಹಂಗ ಮುಚ್ಚೂದಂದ್ರ ನನ್ನ ಕೈಲೆ ಆಗೂದಿಲ್ಲ. ಕೂಸಿಗೆ ಹಸದ ಕೌದಿ ಹೊದಸ್ತೀರೇನು?"

ಯೋಹಾನಪ್ಪ ಕೂಡ ಹೌದಲ್ಲ ಅನ್ನುವಂತೆ ಪಾಸ್ಟರರ ಮುಖ ನೋಡಿದರು. ಕಾಯಿದೆ ಕಾಳು ಬೇಡ ಅನ್ನುತ್ತದೆ, ಕೌದಿ ರೊಟ್ಟಿ ಬೇಕು ಅನ್ನುತ್ತದೆ. ರೂತಬಾಯಿ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಒಂದು ಬಿಳಿ ನಿಲುವಂಗಿ ಹಿಡಿದುಕೊಂಡು ಬಂದಳು.

"ಅದು ನನ್ನ ಮೊದಲನೇ ಆರಾಧನಿದು!" ಅಂದರು ಪಾಸ್ಟರರು, ಗಾಬರಿಯಿಂದ.

"ಕೊರಳಪಟ್ಟಿ ಹರದು ಆರು ವರ್ಷ ಆತು. ಬೆಳ್ಳಗ ಐತಿ, ಮೆತ್ತಗೈತಿ," ಅಂದಳು ರೂತಬಾಯಿ. ಮೇಜಿನ ಮೇಲೆ ಹಾಸಿ, ಬಟ್ಟಲು ಬೋರಲಿಟ್ಟು ಸುತ್ತ ಕತ್ತರಿ ಆಡಿಸಿದಳು. ಅಂಗೈಯಷ್ಟು ಅಗಲದ, ಬೆಳ್ಳಗಿನ, ದುಂಡನೆಯ ತುಂಡು. "ಏನಿದು, ಹೇಳ್ರಿ ಇಂದ್ರಕ್ಕಾರ?"

ಇಂದ್ರವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ರೊಟ್ಟಿ," ಅಂದಳು. "ಅರಿವಿ ರೊಟ್ಟಿ. ಹೂಂ, ಇದನ್ನ ಉಣ್ಣತೈತಿ."

ಶುಕ್ರವಾರ ಮೊದಲ ಬಸ್ಸಿಗೆ ಆರು ಜನ ಹೆಂಗಸರು, ಹಿಂದೆ ಊರುಗೋಲು ಊರುತ್ತ ಯೋಹಾನಪ್ಪ, ಬೆಳಗಾವಿಗೆ ಹೋದರು. ಗೋದಾಮು ನೋಡಿಕೊಳ್ಳುವ ಗೌರೀಶ ಡಬ್ಬಿ ಬಿಚ್ಚಲು ಬಿಲ್ಕುಲ್ ಒಪ್ಪಲಿಲ್ಲ. ಯೋಹಾನಪ್ಪ ಮಾಸ್ತರರ ದನಿ ತೆಗೆದು "ಯಾವ ಊರಪ್ಪಾ ನೀ? ಯಾವ ಸಾಲ್ಯಾಗ ಕಲತಿ?" ಅಂದ ಕೂಡಲೇ ಅವನು ಕತ್ತರಿ ತಾನೇ ತಂದುಕೊಟ್ಟ.

ಗೋದಾಮಿನ ಅಂಗಳದಲ್ಲಿ ಜಮಖಾನೆ ಹಾಸಿ ಕೂತರು. ಮೂಲೆ ಬಿಚ್ಚುವುದು, ತುತ್ತು ತೆಗೆಯುವುದು, ಒಂದೂ ಕಾಳು ಉಳಿಯದಂತೆ ಜಾಡಿಸುವುದು, ಮತ್ತೆ ಮುಚ್ಚಿ ಅದರ ಮೇಲೆ ಬಿಳಿಯ ದುಂಡು ತುಂಡು ಹೊಲಿಯುವುದು. ತನ್ನ ಹೊಲಿಗೆ ತಾನೇ ಬಿಚ್ಚುವಾಗ ಇಂದ್ರವ್ವನಿಗೆ ಸಂಕಟವೂ ಆಯಿತು, ಅಷ್ಟು ಸುಲಭಕ್ಕೆ ಬಿಚ್ಚದಿದ್ದುದಕ್ಕೆ ಒಳಗೊಳಗೆ ಜಂಬವೂ ಆಯಿತು. ಹೊರತೆಗೆದ ಕಾಳು, ಚೂರುಗಳನ್ನು ಗೋದಾಮಿನ ಪಾರಿವಾಳಗಳಿಗೆ ಹಾಕಿದರು. ಹೊಲಿದು ಮುಗಿದ ಕೌದಿಗಳನ್ನು ಒಂದೊಂದಾಗಿ ಯೋಹಾನಪ್ಪನ ತೊಡೆಯ ಮೇಲೆ ಇಡುತ್ತಿದ್ದರು. ಅವರು ಕಣ್ಣು ಮುಚ್ಚಿ, ನಾಲ್ಕೂ ಮೂಲೆಗಳನ್ನು ಬೆರಳಲ್ಲಿ ಹಿಚುಕಿ ನೋಡಿ "ಪಾಸ್" ಅನ್ನುತ್ತಿದ್ದರು. ಆ ಗಂಟಿನ ಗುರುತು ಅವರಷ್ಟು ಬಲ್ಲವರು ಅಲ್ಲಿ ಯಾರಿದ್ದರು?

ನಲವತ್ತೇಳನೆಯದಕ್ಕೆ "ನಪಾಸ್!" ಅಂತ ಕೂಗಿದರು. ಎಲ್ಲರೂ ಸೂಜಿ ಬಿಟ್ಟು ಎದ್ದರು. ನೋಡಿದರೆ, ಮಾತಿನ ಭರದಲ್ಲಿ ರೂತಬಾಯಿ ತುತ್ತು ತೆಗೆಯದೆಯೇ ಮೇಲೆ ಅರಿವೆ ರೊಟ್ಟಿ ಹಚ್ಚಿಬಿಟ್ಟಿದ್ದಳು.

"ಪಾಸ್ಟರ ಹೆಂಡ್ತಿ ಅಂದ್ರೂ ಬಿಡಾಂಗಿಲ್ಲ ನಾನು," ಅಂದರು ಯೋಹಾನಪ್ಪ.

"ಎರಡ ರೊಟ್ಟಿ ಉಣಸಾಕ ಹೊಂಟಿದ್ರೇನ್ರಿ ಬಾಯಾರ?" ಅಂದಳು ಇಂದ್ರವ್ವ. ಗೌರೀಶ ಕೂಡ ನಕ್ಕ. ಸಂಜೆ ನಾಲ್ಕಕ್ಕೆ ಡಬ್ಬಿ ಕಟ್ಟಿ ಮುಗಿದಾಗ ಎಲ್ಲರಿಗೂ ಚಹಾ ತರಿಸಿ, ನಮ್ಮ ಮನೆಗೂ ಒಂದು ಕೌದಿ ಹೊಲಿದುಕೊಡುತ್ತೀರಾ ಅಂತ ಕೇಳಿದ. "ಕೊಡೂಣಂತ. ತುತ್ತು ಇಟ್ಟ ಕೊಡತೇನಿ, ನಿನಗೇನು ಕಾಯದೆ ಇಲ್ಲಲ್ಲ," ಅಂದಳು ಇಂದ್ರವ್ವ.

ಶನಿವಾರ ಲಾರಿ ಹೋಯಿತು. ಆಮೇಲೆ ಕಾಯುವ ಕೆಲಸ. ಏಪ್ರಿಲ್ ಹೋಯಿತು, ಮೇ ಹೋಯಿತು. ಎಲ್ಲೋ ಒಂದು ಕಾಳು ಅರಿವೆಯ ಸಂದಿಯಲ್ಲಿ ಉಳಿದಿದ್ದರೆ ಅಂತ ಇಂದ್ರವ್ವ ಆಗಾಗ ಲಕ್ಕಪ್ಪನನ್ನು ಕೇಳುತ್ತಿದ್ದಳು. ಬುಧವಾರ ಮಾತ್ರ ತಪ್ಪಲಿಲ್ಲ. ಅಷ್ಟೇ ಅಲ್ಲ, ಸವದತ್ತಿ, ಕಿತ್ತೂರಿಗೆ ಹೋಗುವ ಕೌದಿಗಳ ನಾಲ್ಕನೆಯ ಮೂಲೆಯನ್ನು ಈಗ ಅಲ್ಲೇ, ಎಲ್ಲರ ಎದುರಿಗೆ ಮುಚ್ಚುತ್ತಿದ್ದರು. ತುತ್ತಿನ ರೊಟ್ಟಿಯನ್ನು ಯೋಹಾನಪ್ಪನ ಮನೆಯಿಂದಲೇ ಕಳಿಸುತ್ತಿದ್ದರು.

ಜೂನಿನ ಮೂರನೆಯ ಬುಧವಾರ ರೂತಬಾಯಿ ಫೋನು ಹಿಡಿದುಕೊಂಡು ಕೋಣೆಗೆ ಓಡಿ ಬಂದಳು. "ಲೇಸಾತ್ರೀ ಇಂದ್ರಕ್ಕಾರ, ಲೇಸಾತು!"

ದೇಶದ ಹೆಸರೋ, ಆದ ಸಂಗತಿಯೋ ಅಂತ ಇಂದ್ರವ್ವನಿಗೆ ತಿಳಿಯಲಿಲ್ಲ. ಎರಡೂ ಆಗಿತ್ತು. ಫೋನಿನಲ್ಲಿ ಭಾಗ್ಯಾ ಮಾತಾಡಿದಳು. ಬಂದರಿನಲ್ಲಿ ಒಂದು ಡಬ್ಬಿ ಬಿಚ್ಚಿ, ಮೂಲೆ ಮೂಲೆ ಒತ್ತಿ ನೋಡಿದರಂತೆ, ಏನೂ ಸಿಗಲಿಲ್ಲವಂತೆ, ಅರವತ್ತೂ ಬಂದು ಮುಟ್ಟಿವೆ. ಹೊರಗೆ ಹಿಮ ಬೀಳುತ್ತಿದೆ. "ಆದ್ರ ಒಂದು ಕೇಳಬೇಕಾಗಿತ್ತು ದೊಡ್ಡವ್ವ. ಎಲ್ಲಾ ಕೌದಿ ಮೂಲ್ಯಾಗ ಬೆಳ್ಳಗ ದುಂಡಗ ಒಂದು ಐತೆಲ್ಲ, ಅದೇನು? ಇಲ್ಲಿ ಬಾಣಂತ್ಯಾರು ಕೇಳಾಕ ಹತ್ಯಾರ."

"ಜ್ವಾಳದ ರೊಟ್ಟಿ ಅಂತ ಹೇಳವ್ವ. ಅವರಿಗೆ ಜ್ವಾಳ ಅಂದ್ರ ಎಲ್ಲಿ ತಿಳೀಬೇಕು, ಪಾಪ."

"ಅಯ್ಯ, ತಿಳೀದ ಏನು! ಇಲ್ಲೂ ಜ್ವಾಳಾ ಬೆಳಿತಾರ. ಗಂಜಿ ಮಾಡಿ ಹುಳಿ ಬರಿಸಿ ಕುಡಿತಾರ, ಕೂಸಿಗೂ ಕುಡಸ್ತಾರ."

ಇಂದ್ರವ್ವ ಬಾಯಿ ತೆರೆದು ಕೂತಳು. ಜೋಳ ತಿನ್ನುವವರ ದೇಶಕ್ಕೆ ಜೋಳ ಹೋಗಬಾರದಂತೆ! "ಎಂಥಾ ಕಾಯದೆನೋ ಏನೋ," ಅಂತ ಗೊಣಗಿದಳು. ಆದರೆ ಮುಖ ತುಂಬ ನಗುವಿತ್ತು.

ಅಷ್ಟರಲ್ಲಿ ಭಾಗ್ಯಾ ಒಂದು ಫೋಟೊ ಕಳಿಸಿದಳು. ಹದಿನೈದು ದಿನದ ಕೂಸು, ಗುಂಗುರು ತಲೆ, ಇಳಕಲ್ ಸೀರೆಯ ಕೆಂಪು ಅಂಚಿನ ಕೌದಿಯಲ್ಲಿ ಕೊರಳವರೆಗೆ ಮುಚ್ಚಿಕೊಂಡು ಮಲಗಿತ್ತು. ಕೌದಿಯ ಬಿಳಿಯ ಮೂಲೆ ಅದರ ಬಾಯಲ್ಲಿತ್ತು.

ಫೋನು ಕೈಯಿಂದ ಕೈಗೆ ಹೋಯಿತು. ತುತ್ತಿನ ರೊಟ್ಟಿ ತಂದಿದ್ದ ಯೋಹಾನಪ್ಪನ ಕೈಗೆ ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ ಇಂದ್ರವ್ವನ ಕೈಗೆ ಕೊಟ್ಟರು.

"ತಗೀರಿ ಅನ್ನೂಣೇನು ಭಾಗ್ಯಾಗ?" ಅಂದಳು ರೂತಬಾಯಿ. "ಹೊಲಿಗಿ ಬಿಚ್ಚಿ ದಾರ ಬಾಯಾಗ ಹೋದ್ರ?"

ಇಂದ್ರವ್ವ ಕಣ್ಣೊರೆಸಿಕೊಂಡು, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಮೂಲೆಯ ಹೊಲಿಗೆಯನ್ನು ನೋಡಿದಳು. ಜೋಳದ ಕಾಳಿನಷ್ಟೇ ಇತ್ತು.

"ಬಿಚ್ಚೂದಿಲ್ಲ, ಬಿಡ್ರಿ," ಅಂದಳು. "ನಾನ ಹೊಲದೇನಿ. ತಿನ್ನಲಿ."